ಜಂಗಮವಾಣಿಯೂ ಮಧುಮೇಹವೂ

ಶ್ರೀಮಠದ ವಿದ್ಯಾಸಂಸ್ಥೆಯ ಈ ವಾರ್ಷಿಕ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ರೂಢಿಯಂತೆ ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತು ನಾನು ನಾಲ್ಕು ಪುಟ ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಕನ್ನಡ ಪಂಡಿತನಾದವನು ಮಧುಮೇಹವನ್ನೂ ಕೈಯಲ್ಲಿ ಹಿಡಿದು ತಿರುಗುವ ದೂರವಾಣಿಯನ್ನೂ ಕುರಿತು ಬರೆಯಹೊರಟದ್ದು ಅನಧಿಕಾರಚೇಷ್ಟೆಯೆಂದು ಕೆಲವರಿಗೆ ತೋರಿದರೆ ಆಶ್ಚರ್ಯವಿಲ್ಲ. ನಾನು ವೈದ್ಯನಲ್ಲ, ಯಂತ್ರವಿಜ್ಞಾನವನ್ನು ಬಲ್ಲವನಂತೂ ಅಲ್ಲವೇ ಅಲ್ಲ. ಆದರೆ ಒಂಬತ್ತು ವರ್ಷಗಳಿಂದ ಈ ವ್ಯಾಧಿಯೊಡನೆ ಬಾಳುತ್ತಿರುವವನು. ಮೊದಲ ಆರು ವರ್ಷ ಅದನ್ನು ಅಲಕ್ಷ್ಯದಿಂದಲೂ, ಅನಂತರದ ಮೂರು ವರ್ಷ ಅರಿವಿನಿಂದಲೂ ಕಂಡವನು. ಈ ಎರಡರ ನಡುವಣ ಅಂತರವೇನೆಂಬುದನ್ನು ಸಹೋದ್ಯೋಗಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಸಂಸ್ಥೆಯ ಪೋಷಕರಾದ ದಾನಿಗಳಿಗೂ ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೂರು ವರ್ಷಗಳ ಹಿಂದಿನ ಮಾತು. ಶ್ರಾವಣಮಾಸದ ಒಂದು ಸೋಮವಾರ. ಬೆಳಗಿನ ಪೂಜೆ ಮುಗಿಯುವುದು ತಡವಾಯಿತು. ಮಾತ್ರೆಯನ್ನು ಮಾತ್ರ ನಿಯಮದಂತೆ ನುಂಗಿ, ಉಪಾಹಾರವನ್ನು ಬಿಟ್ಟು ಶಾಲೆಗೆ ಬಂದೆ. ಮೂರನೆಯ ಅವಧಿಯಲ್ಲಿ ಒಂಬತ್ತನೆಯ ತರಗತಿಗೆ ಸಂಧಿಪ್ರಕರಣವನ್ನು ಹೇಳುತ್ತಿದ್ದಂತೆ ಕೈ ನಡುಗಿತು, ಮೈ ಬೆವರಿತು. ಲೋಪಸಂಧಿಗೆ ಉದಾಹರಣೆ ಕೊಡಹೋಗಿ ನನ್ನ ಮಾತೇ ಲೋಪವಾಯಿತು. ಕುರ್ಚಿಯಲ್ಲಿ ಕುಸಿದ ನನ್ನನ್ನು ಕಂಡು ಹುಡುಗರು ಗಾಬರಿಯಾದರು. ಅವರಲ್ಲೊಬ್ಬನ ತಾಯಿಗೆ ಇದೇ ವ್ಯಾಧಿಯಿದ್ದಿತು. ಅವನು ದಾಸೋಹದ ಅಡುಗೆಮನೆಗೆ ಓಡಿಹೋಗಿ ಹಿಡಿ ಬೆಲ್ಲ ತಂದು ನನ್ನ ಬಾಯಿಗೆ ಹಾಕಿದ. ಆರೋಗ್ಯ ಕೇಂದ್ರದ ದಾದಿ ಬಂದು ಪರೀಕ್ಷಿಸುವಾಗ, ಬೆಲ್ಲ ತಿಂದ ಮೇಲೂ ರಕ್ತದ ಸಕ್ಕರೆ 58 ಮಾತ್ರವಿದ್ದಿತು. 70ಕ್ಕಿಂತ ಕೆಳಗಿಳಿದರೆ ಅಪಾಯದ ಸೂಚನೆಯೆಂಬುದನ್ನು ನಾನು ಅರಿತದ್ದು ಅಂದೇ.

ಆ ಸಂಜೆ ನನ್ನನ್ನು ನೋಡಲು ಬಂದ ವೈದ್ಯರು ಇದೇ ಶಾಲೆಯಲ್ಲಿ ನನ್ನ ಕೈಕೆಳಗೆ ಓದಿದವರು. ಔಷಧದ ಚೀಟಿಯನ್ನು ನೋಡಿ, “ಮೇಷ್ಟ್ರೇ, ಹಿಂದಿನ ಲೆಕ್ಕವೆಲ್ಲಿ?” ಎಂದರು. ಯಾವ ಲೆಕ್ಕವೆಂದು ನಾನು ಕೇಳಿದೆ. “ನಮ್ಮಿಂದ ಪ್ರತಿದಿನವೂ ಕಾಪಿ ಪುಸ್ತಕ ಬರೆಯಿಸಿದವರು ತಾವು. ತಮ್ಮ ಸಕ್ಕರೆಯ ಪುಸ್ತಕವೊಂದನ್ನು ತಾವು ಬರೆದಿಲ್ಲವೇ?” ಎಂದು ಅವರು ವಿನಯದಿಂದಲೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ನಾನು ಬರೆಯತೊಡಗಿದ ಲೆಕ್ಕದ ಕತೆಯೇ ಈ ಲೇಖನದ ವಸ್ತು. ಆ ಲೆಕ್ಕವನ್ನು ಬರೆದದ್ದು ಪುಸ್ತಕದಲ್ಲಲ್ಲ, ದೂರವಾಣಿಯಲ್ಲಿ.

ವ್ಯಾಧಿಯ ಸ್ವರೂಪ

ಮಧುಮೇಹವು ನಮ್ಮ ಹಿರಿಯರಿಗೆ ಅಪರಿಚಿತವಾದ ವ್ಯಾಧಿಯಲ್ಲ. ಚರಕಸಂಹಿತೆಯು ಪ್ರಮೇಹಗಳನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸಿ, ಕಫಜವಾದುವು ಹತ್ತು, ಪಿತ್ತಜವಾದುವು ಆರು, ವಾತಜವಾದುವು ನಾಲ್ಕು ಎಂದು ಗಣಿಸುತ್ತದೆ; ಮಧುಮೇಹವು ಈ ಕಡೆಯ ನಾಲ್ಕರಲ್ಲಿ ಒಂದು. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಆ ಗ್ರಂಥದ ನಿದಾನಸ್ಥಾನವು ಪೂರ್ವಲಕ್ಷಣಗಳಲ್ಲಿ ಸೇರಿಸಿದೆ. ಸುಶ್ರುತಸಂಹಿತೆಯಂತೂ ಹಣವೂ ಬಂಧುಬಲವೂ ಇಲ್ಲದ ಪ್ರಮೇಹಿಯು ಕೊಡೆಯಿಲ್ಲದೆ, ಪಾದರಕ್ಷೆಯಿಲ್ಲದೆ, ಭಿಕ್ಷಾನ್ನದಿಂದ ಜೀವಿಸುತ್ತ, ನೂರು ಯೋಜನಗಳನ್ನು ಕಾಲ್ನಡಿಗೆಯಿಂದ ಕ್ರಮಿಸಬೇಕೆಂದು ವಿಧಿಸುತ್ತದೆ. ಮಿತವಾದ ಆಹಾರ, ದೀರ್ಘವಾದ ನಡಿಗೆ ಎಂಬ ಈ ವಿಧಿಯ ತಿರುಳು ಇಂದಿಗೂ ಹಳತಾಗಿಲ್ಲ. ಪಾದರಕ್ಷೆಯ ವಿಷಯದಲ್ಲಿ ಮಾತ್ರ ಇಂದಿನ ವೈದ್ಯಶಾಸ್ತ್ರವು ಇದಕ್ಕೆ ವಿರುದ್ಧವಾದ ಮಾತನ್ನು ಹೇಳುತ್ತದೆ. ಅದನ್ನು ಮುಂದೆ ಪ್ರಸ್ತಾಪಿಸುತ್ತೇನೆ.

ನಾವು ಉಂಡ ಅನ್ನವೂ ಮುದ್ದೆಯೂ ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತವೆ. ಆ ಸಕ್ಕರೆಯು ರಕ್ತದಿಂದ ಜೀವಕೋಶಗಳೊಳಕ್ಕೆ ಹೋಗಬೇಕಾದರೆ ಮೇದೋಜೀರಕ ಗ್ರಂಥಿಯಲ್ಲಿ ಉತ್ಪತ್ತಿಯಾಗುವ ಇನ್ಸುಲಿನ್ ಎಂಬ ರಸವು ಬಾಗಿಲು ತೆರೆಯಬೇಕು. ಈ ರಸವು ಹುಟ್ಟದೆಯೇ ಹೋದರೆ ಅದು ಮೊದಲನೆಯ ಬಗೆಯ ಮಧುಮೇಹ. ಹುಟ್ಟಿಯೂ ಶರೀರವು ಅದಕ್ಕೆ ಸರಿಯಾಗಿ ಓಗೊಡದೆ, ಕ್ರಮೇಣ ಅದರ ಉತ್ಪತ್ತಿಯೂ ಕುಂದಿದರೆ ಅದು ಎರಡನೆಯ ಬಗೆ. ನಡುವಯಸ್ಸಿನಲ್ಲಿ ನಮ್ಮಲ್ಲಿ ಬಹುಮಂದಿಗೆ ಬರುವುದು ಈ ಎರಡನೆಯದು. 1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಅದನ್ನು ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಮೊದಲ ಬಾರಿಗೆ ಕೊಡಲಾಯಿತು. ಅದಕ್ಕೆ ಮುಂಚೆ ಮೊದಲನೆಯ ಬಗೆಯ ಮಧುಮೇಹವು ಮಕ್ಕಳ ಪಾಲಿಗೆ ಮರಣಶಾಸನವೇ ಆಗಿದ್ದಿತು.

ಈ ವ್ಯಾಧಿಯ ವ್ಯಾಪ್ತಿಯನ್ನು ತಿಳಿಯಲು ಒಂದೇ ಒಂದು ಲೆಕ್ಕ ಸಾಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ 2021ರಲ್ಲಿ ನಮ್ಮ ದೇಶದಲ್ಲಿ ಮಧುಮೇಹವುಳ್ಳವರ ಸಂಖ್ಯೆ ಸುಮಾರು 10 ಕೋಟಿ 10 ಲಕ್ಷ. ಅದರ ಹೊಸ್ತಿಲಲ್ಲಿ ನಿಂತವರ ಸಂಖ್ಯೆ ಸುಮಾರು 13 ಕೋಟಿ 60 ಲಕ್ಷ. ಅಂದರೆ ವಯಸ್ಕರಲ್ಲಿ ಒಂಬತ್ತು ಜನರಿಗೆ ಒಬ್ಬರಂತೆ ಈ ವ್ಯಾಧಿಯುಳ್ಳವರಿದ್ದಾರೆ. ನಮ್ಮ ಉಪಾಧ್ಯಾಯರ ಕೊಠಡಿಯಲ್ಲಿ ಒಮ್ಮೆ ಕಣ್ಣಾಡಿಸಿದರೆ ಈ ಲೆಕ್ಕವು ಉತ್ಪ್ರೇಕ್ಷೆಯಲ್ಲವೆಂಬುದು ಮನದಟ್ಟಾಗುತ್ತದೆ.

ಸ್ವಯಂಪಾಲನೆಯ ಅಗತ್ಯ

ಇತರ ಅನೇಕ ರೋಗಗಳಲ್ಲಿ ವೈದ್ಯನೇ ಕರ್ತೃ, ರೋಗಿಯು ಕರ್ಮ. ಮಧುಮೇಹದಲ್ಲಿ ಈ ವ್ಯಾಕರಣವು ತಿರುಗುಮುರುಗಾಗುತ್ತದೆ. ವರ್ಷಕ್ಕೆ 8,760 ಗಂಟೆಗಳು. ಮೂರು ತಿಂಗಳಿಗೊಮ್ಮೆ ವೈದ್ಯರನ್ನು ಕಂಡು, ಪ್ರತಿಬಾರಿಯೂ ಕಾಲು ಗಂಟೆ ಮಾತನಾಡಿದರೂ ವರ್ಷಕ್ಕೆ ಆಗುವುದು ಒಂದೇ ಗಂಟೆ. ಉಳಿದ 8,759 ಗಂಟೆಗಳಲ್ಲಿ ಏನು ಉಣ್ಣಬೇಕು, ಎಷ್ಟು ನಡೆಯಬೇಕು, ಮಾತ್ರೆಯನ್ನು ಯಾವಾಗ ನುಂಗಬೇಕು, ಮೈ ನಡುಗಿದರೆ ಏನು ಮಾಡಬೇಕು ಎಂಬುದನ್ನು ನಿರ್ಧರಿಸುವವನು ರೋಗಿಯೇ. ಇದನ್ನೇ ಸ್ವಯಂಪಾಲನೆ ಎನ್ನುತ್ತಾರೆ. ಇದರಿಂದ ಆಗುವ ಲಾಭವು ಊಹೆಯ ಮಾತಲ್ಲ. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ 1998ರಲ್ಲಿ ಫಲಿತಾಂಶ ಪ್ರಕಟವಾದ ಮಹಾ ಅಧ್ಯಯನವೊಂದರಲ್ಲಿ, ರಕ್ತದ ಸಕ್ಕರೆಯನ್ನು ಹೆಚ್ಚು ಬಿಗಿಯಾಗಿ ಹತೋಟಿಯಲ್ಲಿಟ್ಟವರಿಗೆ ಕಣ್ಣು, ಮೂತ್ರಪಿಂಡ ಮುಂತಾದುವುಗಳ ಸೂಕ್ಷ್ಮ ರಕ್ತನಾಳಗಳ ತೊಡಕುಗಳು ನೂರಕ್ಕೆ 25ರಷ್ಟು ಕಡಿಮೆಯಾದುವೆಂದು ಸಿದ್ಧವಾಯಿತು.

ಹತೋಟಿಯಲ್ಲಿಡಬೇಕಾದರೆ ಮೊದಲು ಅಳೆಯಬೇಕು. ಹಿಂದೆ ಮೂತ್ರಕ್ಕೆ ಬೆನೆಡಿಕ್ಟ್ ದ್ರಾವಣವನ್ನು ಬೆರೆಸಿ ಕಾಯಿಸಿ, ನೀಲಿಯು ಹಸಿರಾಯಿತೋ ಹಳದಿಯಾಯಿತೋ ಇಟ್ಟಿಗೆಗೆಂಪಾಯಿತೋ ಎಂದು ನೋಡುತ್ತಿದ್ದುದು ಹಿರಿಯರ ನೆನಪಿನಲ್ಲಿರಬಹುದು. ರಕ್ತದ ಹನಿಯಿಂದಲೇ ಸಕ್ಕರೆಯನ್ನು ಅಳೆಯುವ ಯಂತ್ರವು 1970ರ ಸುಮಾರಿಗೆ ಅಮೆರಿಕದಲ್ಲಿ ಬಳಕೆಗೆ ಬಂದಿತು. ಭಾರವಾದ ಆ ಯಂತ್ರವನ್ನು ವೈದ್ಯಾಲಯಗಳಿಗೆಂದೇ ನಿರ್ಮಿಸಿದ್ದರು. ಇಂದು ಅದು ಅಂಗೈಯಲ್ಲಿ ಅಡಗುವಷ್ಟು ಸಣ್ಣದಾಗಿದೆ. ಬೆರಳ ತುದಿಯ ಒಂದು ಹನಿ ರಕ್ತವನ್ನು ಪಟ್ಟಿಗೆ ತಾಗಿಸಿದರೆ ಕೆಲವೇ ಕ್ಷಣಗಳಲ್ಲಿ ಅಂಕಿಯು ಕಾಣುತ್ತದೆ. ಆರೋಗ್ಯವಂತರಲ್ಲಿ ಬರಿಹೊಟ್ಟೆಯ ಸಕ್ಕರೆಯು 100 ಮಿಲಿಲೀಟರು ರಕ್ತದಲ್ಲಿ 100 ಮಿಲಿಗ್ರಾಮಿಗಿಂತ ಕಡಿಮೆ. 126 ಮತ್ತು ಅದಕ್ಕೆ ಮೇಲ್ಪಟ್ಟು ಮತ್ತೆ ಮತ್ತೆ ಕಂಡುಬಂದರೆ ಅದು ಮಧುಮೇಹ. ವ್ಯಾಧಿಯುಳ್ಳ ಬಹುಮಂದಿಗೆ ಬರಿಹೊಟ್ಟೆಯಲ್ಲಿ 80ರಿಂದ 130, ಊಟದ ಬಳಿಕ 180ರೊಳಗೆ ಇರುವುದು ಗುರಿ. ವಯಸ್ಸಿಗೂ ಇತರ ರೋಗಗಳಿಗೂ ತಕ್ಕಂತೆ ವೈದ್ಯರು ಇದನ್ನು ಬದಲಿಸಬಹುದು.

ಇದಲ್ಲದೆ ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯದಲ್ಲಿ ಮಾಡಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯುಂಟು. ಕೆಂಪು ರಕ್ತಕಣಗಳ ಆಯುಸ್ಸು ಸುಮಾರು 120 ದಿನ; ಅವುಗಳಿಗೆ ಅಂಟಿದ ಸಕ್ಕರೆಯನ್ನು ಅಳೆದು ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ಇದು ತಿಳಿಸುತ್ತದೆ. ಇದು ಬಹಳ ಉಪಯುಕ್ತವಾದ ಪರೀಕ್ಷೆಯೇ. ಆದರೆ ಸರಾಸರಿ ಆಳವು ಮೊಳಕಾಲುದ್ದವೆಂದು ನಂಬಿ ಹೊಳೆಗಿಳಿದವನು ಮಡುವಿನಲ್ಲಿ ಮುಳುಗಬಹುದಲ್ಲವೆ? ಏರುವುದೆಲ್ಲಿ, ಇಳಿಯುವುದೆಲ್ಲಿ ಎಂಬುದು ಸರಾಸರಿಯಲ್ಲಿ ಕಾಣುವುದಿಲ್ಲ. ಅದಕ್ಕೆ ದಿನದಿನದ ಲೆಕ್ಕವೇ ಬೇಕು.

ಜಂಗಮವಾಣಿಯ ಉಪಕಾರ

ಭಾರತದಲ್ಲಿ ಸಂಚಾರಿ ದೂರವಾಣಿಯ ಮೊದಲ ಕರೆ ನಡೆದದ್ದು 1995ರ ಜುಲೈ 31ರಂದು. ಅನಂತರ ಕನ್ನಡದಲ್ಲಿ ಅದಕ್ಕೆ ಹುಟ್ಟಿಕೊಂಡ ಹೆಸರುಗಳಲ್ಲಿ ‘ಜಂಗಮವಾಣಿ’ ಎಂಬುದು ನನಗೆ ಬಲು ಪ್ರಿಯವಾದುದು. ಒಂದೆಡೆ ನೆಲಸದೆ ಚಲಿಸುವುದು ಜಂಗಮ. ನಮ್ಮ ಪರಂಪರೆಯಲ್ಲಿ ಜಂಗಮನು ಮನೆಮನೆಗೆ ಬಂದು, ಅರಿವನ್ನು ನೀಡಿ, ಎಚ್ಚರಿಸಿ ಮುಂದೆ ಸಾಗುವವನು. ಜೇಬಿನಲ್ಲಿರುವ ಈ ಯಂತ್ರವು ಆ ಹೆಸರಿಗೆ ತಕ್ಕಂತೆ ನಡೆಯುವುದೋ, ಕಾಲಹರಣದ ಆಟಿಕೆಯಾಗಿಯೇ ಉಳಿಯುವುದೋ ಎಂಬುದು ನಮ್ಮನ್ನು ಅವಲಂಬಿಸಿದೆ. ಮಧುಮೇಹಿಗೆ ಅದರಿಂದಾಗುವ ಉಪಕಾರಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಕರಣಿಕನ ಕೆಲಸ. ಸಕ್ಕರೆಯ ಅಂಕಿ, ಅದನ್ನು ಅಳೆದ ಹೊತ್ತು, ಉಂಡ ಆಹಾರ, ನುಂಗಿದ ಮಾತ್ರೆ ಇವನ್ನು ಬರೆದಿಡುವ ಆ್ಯಪ್‌ಗಳು ಅನೇಕ ಇವೆ. ಕೆಲವು ಮಾಪಕಯಂತ್ರಗಳು ಬ್ಲೂಟೂತ್ ಎಂಬ ನಿಸ್ತಂತು ವ್ಯವಸ್ಥೆಯಿಂದ ಅಂಕಿಯನ್ನು ತಾವಾಗಿಯೇ ಫೋನಿಗೆ ಕಳುಹಿಸುತ್ತವೆ. ಹೀಗೆ ಸಂಗ್ರಹವಾದ ಅಂಕಿಗಳನ್ನು ಫೋನು ರೇಖಾಚಿತ್ರವಾಗಿ ತೋರಿಸುತ್ತದೆ. ಹಿಂದೆ ನಮ್ಮ ಊರುಗಳ ವರ್ತಕರು ಬಟ್ಟೆಯ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆದು ವರ್ಷದ ಏರಿಳಿತವನ್ನು ಒಂದೇ ನೋಟದಲ್ಲಿ ಕಾಣುತ್ತಿದ್ದರಷ್ಟೆ. ಇದು ಅದೇ ಕೆಲಸ. ನಡೆದ ಹೆಜ್ಜೆಗಳನ್ನೂ ಫೋನು ಎಣಿಸಬಲ್ಲುದು. ವಯಸ್ಕರು ವಾರಕ್ಕೆ ಕನಿಷ್ಠಪಕ್ಷ 150 ನಿಮಿಷ ಚುರುಕಾದ ನಡಿಗೆಯಂಥ ವ್ಯಾಯಾಮವನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಸುಶ್ರುತನ ನೂರು ಯೋಜನಗಳಿಗೆ ಇಂದಿನವರು ಇಟ್ಟ ಲೆಕ್ಕವಿದು ಎನ್ನೋಣ.

ಎರಡನೆಯದು ನೆನಪಿಸುವ ಕೆಲಸ. ಮಾತ್ರೆಯ ಹೊತ್ತಿಗೆ, ಊಟದ ಹೊತ್ತಿಗೆ, ಪರೀಕ್ಷೆಯ ದಿನಕ್ಕೆ ಗಂಟೆ ಬಾರಿಸುವುದು. ಇದು ಅತ್ಯಲ್ಪವೆಂದು ತೋರಬಹುದು. ಶ್ರಾವಣದ ಆ ಸೋಮವಾರ “ಮಾತ್ರೆ ನುಂಗಿದ ಮೇಲೆ ಉಣ್ಣದಿರಬೇಡ” ಎಂಬ ಒಂದು ಸಾಲು ನನ್ನ ಜೇಬಿನಲ್ಲಿ ಮೊಳಗಿದ್ದರೆ ನಾನು ತರಗತಿಯಲ್ಲಿ ಕುಸಿಯುತ್ತಿರಲಿಲ್ಲ.

ಮೂರನೆಯದು ಉಪದೇಶದ ಕೆಲಸ. ಇದಕ್ಕೆ ದುಬಾರಿ ಫೋನು ಬೇಕಿಲ್ಲ. ಗುಂಡಿಯೊತ್ತುವ ಸಾಮಾನ್ಯ ಫೋನಿಗೆ ಬರುವ ಕಿರುಸಂದೇಶವೂ ಸಾಕು. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನವು ಇಲ್ಲಿ ಸ್ಮರಣೀಯ. ಮಧುಮೇಹದ ಹೊಸ್ತಿಲಲ್ಲಿದ್ದ, 35ರಿಂದ 55 ವಯಸ್ಸಿನ 537 ಮಂದಿ ದುಡಿಯುವ ಗಂಡಸರನ್ನು ಅವರು ಆರಿಸಿಕೊಂಡರು. ಎಲ್ಲರಿಗೂ ಆರಂಭದಲ್ಲಿ ಆಹಾರ ವ್ಯಾಯಾಮಗಳ ತಿಳಿವಳಿಕೆಯನ್ನು ಕೊಟ್ಟು, ಅರ್ಧದಷ್ಟು ಜನರಿಗೆ ಮಾತ್ರ ಅದನ್ನು ನೆನಪಿಸುವ ಕಿರುಸಂದೇಶಗಳನ್ನು ಫೋನಿಗೆ ಕಳುಹಿಸುತ್ತ ಬಂದರು. ಎರಡು ವರ್ಷಗಳ ಬಳಿಕ ನೋಡಿದರೆ, ಸಂದೇಶ ಬಾರದವರಲ್ಲಿ ನೂರಕ್ಕೆ 27 ಮಂದಿಗೆ ಮಧುಮೇಹ ಬಂದಿದ್ದಿತು; ಸಂದೇಶ ಪಡೆದವರಲ್ಲಿ ನೂರಕ್ಕೆ 18 ಮಂದಿಗೆ ಮಾತ್ರ. ಆಫ್ರಿಕದ ಸೆನೆಗಲ್ ದೇಶದಲ್ಲಿ 2014ರಲ್ಲಿ ರಂಜಾನ್ ಉಪವಾಸದ ಕಾಲಕ್ಕೆ ಮಧುಮೇಹಿಗಳಿಗೆ ಇಂಥ ಎಚ್ಚರಿಕೆಯ ಸಂದೇಶಗಳನ್ನು ಕಳುಹಿಸಲಾಯಿತು. ನಮ್ಮ ಕೇಂದ್ರ ಸರ್ಕಾರವೂ 2016ರಲ್ಲಿ ಅದೇ ಮಾದರಿಯ ಸಂದೇಶ ಸೇವೆಯನ್ನು ಆರಂಭಿಸಿತು. ಉಪವಾಸವು ಅವರಿಗೆ ರಂಜಾನಿನಲ್ಲಿ, ನಮಗೆ ಶಿವರಾತ್ರಿಯಲ್ಲಿ. ಮಾತ್ರೆ ನುಂಗಿ ಹಸಿದಿರುವವನ ರಕ್ತಕ್ಕೆ ಈ ಭೇದ ತಿಳಿಯದು.

ನಾಲ್ಕನೆಯದು ದೂತನ ಕೆಲಸ. ನಮ್ಮ ಲೆಕ್ಕವನ್ನು ಅದನ್ನು ಓದಬಲ್ಲವರಿಗೆ ತಲುಪಿಸುವುದು. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರವು ದೂರವೈದ್ಯದ ನಿಯಮಗಳನ್ನು ಪ್ರಕಟಿಸಿದ ಮೇಲೆ, ನೋಂದಾಯಿತ ವೈದ್ಯರು ಫೋನಿನ ಮೂಲಕ ಸಲಹೆ ನೀಡುವುದಕ್ಕೆ ಸ್ಪಷ್ಟವಾದ ಚೌಕಟ್ಟು ದೊರೆಯಿತು. ಸರ್ಕಾರದ ‘ಇ-ಸಂಜೀವನಿ’ ಎಂಬ ಸೇವೆಯು 2019ರಲ್ಲಿ ಆರಂಭವಾದುದು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕುಳಿತವರನ್ನು ದೂರದ ವೈದ್ಯರೊಡನೆ ಅದು ಮಾತನಾಡಿಸುತ್ತದೆ.

ಲೆಕ್ಕವನ್ನು ಓದುವವರು

ಈ ನಾಲ್ಕರಲ್ಲಿ ಯಾವುದು ಮುಖ್ಯವೆಂದು ಕೇಳಿದರೆ, ಕಡೆಯದೇ ಮುಖ್ಯವೆಂದು ನನ್ನ ಅನುಭವವು ಹೇಳುತ್ತದೆ. ನನ್ನ ಶಿಷ್ಯರಾದ ವೈದ್ಯರು ನನ್ನ ಫೋನಿನಲ್ಲಿ ಲೆಕ್ಕವಿಡುವ ಆ್ಯಪೊಂದನ್ನು ಹಾಕಿಕೊಟ್ಟು, ಎರಡು ವಾರಗಳ ಕಾಲ ದಿನಕ್ಕೆ ಮೂರು ಬಾರಿ, ಬರಿಹೊಟ್ಟೆಯಲ್ಲಿ, ಮಧ್ಯಾಹ್ನದ ಊಟಕ್ಕೆ ಮುಂಚೆ, ಊಟವಾಗಿ ಎರಡು ಗಂಟೆಗಳ ಬಳಿಕ ಅಳೆದು ಬರೆಯಹೇಳಿದರು. ಬರೆದೆ. ಮೊದಲ ದಿನ ಊಟದ ಬಳಿಕ 238 ಬಂದಾಗ ಅದನ್ನು ಬರೆಯಲು ನಾಚಿಕೆಯಾಯಿತು. ಅಂಕವನ್ನು ತಿದ್ದಿಕೊಂಡು ತಂದೆಗೆ ಪ್ರಗತಿಪತ್ರ ತೋರಿಸುವ ಹುಡುಗನನ್ನು ಎಷ್ಟೋ ಬಾರಿ ದಂಡಿಸಿದ ನಾನು, ಅಂದು ಅವನ ಸ್ಥಾನದಲ್ಲಿ ನಿಂತಿದ್ದೆ. ತಿದ್ದಲಿಲ್ಲ, ಇದ್ದುದನ್ನು ಇದ್ದಂತೆಯೇ ಬರೆದೆ.

ಎರಡು ವಾರಗಳ ಲೆಕ್ಕವನ್ನು ನೋಡಿ ವೈದ್ಯರು ಎರಡು ಸಾಲುಗಳ ಮೇಲೆ ಬೆರಳಿಟ್ಟರು. ಬೆಳಗಿನ ಅಂಕಿಗಳು ಬಹುಮಟ್ಟಿಗೆ ಸರಿಯಾಗಿಯೇ ಇದ್ದುವು. ಆದರೆ ಸತತವಾಗಿ ಮೂರು ಅವಧಿ ಪಾಠವಿದ್ದ ದಿನಗಳಲ್ಲಿ ಹನ್ನೊಂದೂವರೆಯ ಹೊತ್ತಿಗೆ ಸಕ್ಕರೆಯು 70ರ ಆಸುಪಾಸಿಗೆ ಇಳಿಯುತ್ತಿದ್ದಿತು. ಊಟದ ಬಳಿಕ 230ಕ್ಕೆ ಏರುತ್ತಿದ್ದಿತು. “ಮೇಷ್ಟ್ರೇ, ತಮ್ಮ ಮೂರು ತಿಂಗಳ ಸರಾಸರಿಯನ್ನು ಮಾತ್ರ ನೋಡಿದ್ದರೆ ನಾನು ಬೆಳಗಿನ ಮಾತ್ರೆಯನ್ನು ಹೆಚ್ಚಿಸಿಬಿಡುತ್ತಿದ್ದೆ. ಆಗ ತಾವು ಮತ್ತೊಮ್ಮೆ ತರಗತಿಯಲ್ಲಿ ಬೀಳುತ್ತಿದ್ದಿರಿ” ಎಂದರು. ಆ ಮಾತನ್ನು ಕೇಳಿ ನನ್ನ ಮೈ ಜುಮ್ಮೆಂದಿತು. ಅವರು ಬೆಳಗಿನ ಮಾತ್ರೆಯನ್ನು ಬದಲಿಸಿದರು; ಮಧ್ಯಾಹ್ನ ಮುದ್ದೆಯ ಮೇಲೆ ಎರಡು ಬಾರಿ ಬಡಿಸಿಕೊಳ್ಳುತ್ತಿದ್ದ ಅನ್ನವನ್ನು ಒಂದು ಹಿಡಿಗೆ ಇಳಿಸಿ, ಸೊಪ್ಪುಕಾಳುಗಳನ್ನು ಹೆಚ್ಚಿಸಿ, ಉಂಡ ಬಳಿಕ ಹತ್ತು ನಿಮಿಷ ಅಂಗಳದಲ್ಲಿ ಅಡ್ಡಾಡಹೇಳಿದರು. ರಾಗಿಯು ಒಳ್ಳೆಯ ಧಾನ್ಯವೇ ಆದರೂ ಎಷ್ಟು ತಿಂದರೂ ಬಾಧಕವಿಲ್ಲವೆಂಬ ನಮ್ಮ ನಂಬಿಕೆಯು ತಪ್ಪೆಂಬುದನ್ನು ನನ್ನ ಅಂಕಿಗಳೇ ನನಗೆ ಹೇಳಿದುವು. ತಿಂಗಳೊಳಗಾಗಿ ಊಟದ ಬಳಿಕದ ಅಂಕಿಯು 170ರ ಆಚೀಚೆಗೆ ಬಂದಿತು. ಹನ್ನೊಂದೂವರೆಯ ನಡುಕ ನಿಂತಿತು.

ಅಮೆರಿಕದ ಮೇರಿಲ್ಯಾಂಡ್ ಪ್ರಾಂತದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದೂ ಇದನ್ನೇ ಬೆಂಬಲಿಸುತ್ತದೆ. ರೋಗಿಯು ಫೋನಿನಲ್ಲಿ ಬರೆದ ಅಂಕಿಗೆ ಒಡನೆಯೇ ಸೂಚನೆ ದೊರೆಯುವ, ಆ ಲೆಕ್ಕವು ಚಿಕಿತ್ಸೆಯ ಸೂಚನೆಗಳೊಡನೆ ವೈದ್ಯರಿಗೂ ತಲುಪುವ ಪೂರ್ಣ ವ್ಯವಸ್ಥೆಯಲ್ಲಿದ್ದವರ ಎಚ್‌ಬಿಎ1ಸಿ ವರ್ಷಾಂತ್ಯಕ್ಕೆ 1.9 ಅಂಶ ಇಳಿದಿದ್ದಿತು; ವಾಡಿಕೆಯ ಚಿಕಿತ್ಸೆಯಲ್ಲಿದ್ದವರದು 0.7 ಅಂಶ. ಇದ್ದುದನ್ನು ಇದ್ದಂತೆ ಬರೆಯುವ ಕೈ, ಬರೆದುದನ್ನು ಓದಬಲ್ಲ ಕಣ್ಣು, ಈ ಎರಡನ್ನು ಜೋಡಿಸುವ ಸೇತುವೆಯೇ ಜಂಗಮವಾಣಿ. ಸೇತುವೆಯ ಎರಡು ದಡಗಳಲ್ಲಿ ಮನುಷ್ಯರಿಲ್ಲದಿದ್ದರೆ ಅದು ವ್ಯರ್ಥ.

ಇಲ್ಲಿ ಒಂದು ದುಃಖದ ಪ್ರಸಂಗವನ್ನೂ ಹೇಳಬೇಕಾಗಿದೆ. ನಮ್ಮಲ್ಲಿ ಬಹುಕಾಲ ಸೇವೆ ಸಲ್ಲಿಸಿ ನಿವೃತ್ತರಾದ ಹಿರಿಯ ಸಹೋದ್ಯೋಗಿಯೊಬ್ಬರು ಪ್ರತಿದಿನವೂ ಬರಿಗಾಲಿನಲ್ಲಿ ಗದ್ದುಗೆಯನ್ನು ಪ್ರದಕ್ಷಿಣೆ ಮಾಡುತ್ತಿದ್ದರು. ದೀರ್ಘಕಾಲದ ಮಧುಮೇಹದಿಂದ ಅಂಗಾಲಿನ ಸ್ಪರ್ಶಜ್ಞಾನವು ಕುಂದಿದ್ದುದು ಅವರಿಗೆ ತಿಳಿದಿರಲಿಲ್ಲ. ಬೇಸಿಗೆಯಲ್ಲಿ ಕಾದ ಕಲ್ಲುಹಾಸು ಅಂಗಾಲನ್ನು ಸುಟ್ಟಿತು. ನೋವಾಗಲಿಲ್ಲ, ಆದ್ದರಿಂದ ನೋಡಲಿಲ್ಲ. ಮೂರು ವಾರಗಳ ಬಳಿಕ ದುರ್ವಾಸನೆಯಿಂದ ಗಾಯವು ಗೊತ್ತಾಗುವ ಹೊತ್ತಿಗೆ ಕಾಲನ್ನು ಮೊಳಕಾಲಿನ ಕೆಳಗೆ ತೆಗೆಯಬೇಕಾಯಿತು. ಮಧುಮೇಹಿಯು ಬರಿಗಾಲಿನಲ್ಲಿ ನಡೆಯಬಾರದೆಂದು ಇಂದಿನ ವೈದ್ಯರು ಒತ್ತಿ ಹೇಳುವುದು ಇದಕ್ಕಾಗಿಯೇ. ಬಗ್ಗಿ ತಮ್ಮ ಅಂಗಾಲನ್ನು ತಾವೇ ನೋಡಿಕೊಳ್ಳಲಾಗದ ವೃದ್ಧರು ಮನೆಯವರಿಂದ ಫೋನಿನಲ್ಲಿ ಅದರ ಚಿತ್ರವನ್ನು ತೆಗೆಯಿಸಿ ಪ್ರತಿರಾತ್ರಿಯೂ ನೋಡಿಕೊಳ್ಳಬಹುದು. ಸಂಶಯವಿದ್ದರೆ ಚಿತ್ರವನ್ನು ವೈದ್ಯರಿಗೆ ಕಳುಹಿಸಿ, ಗಾಯವು ಕಂಡರೆ ತಡಮಾಡದೆ ಹೋಗಿ ತೋರಿಸಬಹುದು. ಅವರ ಜೇಬಿನಲ್ಲಿಯೂ ಮಗನು ಕೊಡಿಸಿದ ಒಳ್ಳೆಯ ಫೋನೊಂದಿದ್ದಿತು. ಅದು ಈ ಕೆಲಸಕ್ಕೂ ಒದಗುವುದೆಂದು ಅವರಿಗೆ ಹೇಳುವವರಿರಲಿಲ್ಲ.

ಎಚ್ಚರಿಕೆಯ ಮಾತು

ಯಾವುದೇ ಸಾಧನಕ್ಕೂ ಅದರ ದೋಷಗಳುಂಟು. ಫೋನು ತಾನಾಗಿ ರಕ್ತದ ಸಕ್ಕರೆಯನ್ನು ಅಳೆಯಲಾರದು. ಚರ್ಮವನ್ನು ಚುಚ್ಚದೆಯೇ ಸಕ್ಕರೆಯನ್ನು ಅಳೆಯುವುವೆಂದು ಮಾರಾಟವಾಗುವ ಕೈಗಡಿಯಾರ, ಉಂಗುರಗಳನ್ನು ನಂಬಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2024ರ ಫೆಬ್ರವರಿಯಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ತೋಳಿಗೆ ಅಂಟಿಸಿಕೊಂಡು ಹದಿನಾಲ್ಕು ದಿನ ಇಡಬಹುದಾದ ಸಂವೇದಕಗಳು ಇದಕ್ಕಿಂತ ಬೇರೆ. 2014ರಲ್ಲಿ ಯೂರೋಪಿನಲ್ಲಿ ಬಳಕೆಗೆ ಬಂದ ಇವು ಕೂದಲೆಳೆಯಂಥ ತಂತುವನ್ನು ಚರ್ಮದೊಳಗಿರಿಸಿ, ಜೀವಕೋಶಗಳ ನಡುವಣ ದ್ರವದಲ್ಲಿರುವ ಸಕ್ಕರೆಯನ್ನು ಅಳೆದು ಫೋನಿಗೆ ತಿಳಿಸುತ್ತವೆ. ಇವು ನಂಬಲರ್ಹವಾದುವೇ ಆದರೂ ಬೆಲೆ ಹೆಚ್ಚು. ರಕ್ತದ ಏರಿಳಿತಕ್ಕಿಂತ ಇವುಗಳ ಅಂಕಿಯು ಕೆಲವು ನಿಮಿಷ ಹಿಂದಿರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ವೈದ್ಯರು ಸೂಚಿಸಿದರೆ ಇವು ಬಹೂಪಕಾರಿ.

ಬೆರಳು ಚುಚ್ಚುವ ಮುನ್ನ ಕೈಯನ್ನು ಸಾಬೂನಿನಿಂದ ತೊಳೆದು ಒರಸಿಕೊಳ್ಳಬೇಕು. ಬಾಳೆಯ ಹಣ್ಣನ್ನು ಸುಲಿದ ಕೈಯಲ್ಲಿ ಅಳೆದರೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಸೇರಿ ಸುಳ್ಳು ಅಂಕಿ ಬರುತ್ತದೆ. ಒಂದು ದಿನದ ಅಂಕಿಯನ್ನು ಕಂಡು ಹಿಗ್ಗುವುದಾಗಲಿ ಕುಗ್ಗುವುದಾಗಲಿ ಸಲ್ಲದು. ಔಷಧದ ಪ್ರಮಾಣವನ್ನು ಸ್ವಂತ ಬುದ್ಧಿಯಿಂದ ಎಂದಿಗೂ ಬದಲಿಸಬಾರದು. ಅಂಕಿಯು 70ಕ್ಕಿಂತ ಕೆಳಗಿಳಿದರೆ ಮಾತ್ರ ಯಾರನ್ನೂ ಕೇಳುತ್ತ ಕುಳಿತುಕೊಳ್ಳದೆ, ಸುಮಾರು 15 ಗ್ರಾಂ, ಅಂದರೆ ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷಗಳ ಬಳಿಕ ಮತ್ತೆ ಅಳೆಯಬೇಕು. ಇನ್ನೂ ಕಡಿಮೆಯಿದ್ದರೆ ಇನ್ನೊಮ್ಮೆ ಕುಡಿಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನೊಂದು ಕೇಡು ಈ ಯಂತ್ರದ ಮೂಲಕವೇ ಬರುತ್ತದೆ. ಹಾಗಲಕಾಯಿಯ ರಸದಿಂದ ಹದಿನೈದು ದಿನಗಳಲ್ಲಿ ಮಧುಮೇಹವು ಮಾಯವಾಗುವುದು, ಮಾತ್ರೆಗಳನ್ನು ಬಿಟ್ಟುಬಿಡಿ ಎಂಬಂಥ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ದಿನವೂ ಹರಿದಾಡುತ್ತವೆ. ಬರೆದವನ ಹೆಸರಿಲ್ಲದ, ಆಧಾರವಿಲ್ಲದ ಪಾಠವನ್ನು ಪಂಡಿತರು ಗ್ರಂಥಸಂಪಾದನೆಯಲ್ಲಿ ಒಪ್ಪುವುದಿಲ್ಲ. ಪ್ರಾಣದ ವಿಷಯದಲ್ಲಿ ಒಪ್ಪಬಹುದೇ? ಅಂತೆಯೇ ನಮ್ಮ ಆರೋಗ್ಯದ ಲೆಕ್ಕವು ನಮ್ಮ ಖಾಸಗಿ ಸೊತ್ತು. ಯಾವುದೇ ಆ್ಯಪಿಗೆ ಅದನ್ನು ಒಪ್ಪಿಸುವ ಮುನ್ನ, ಅದನ್ನು ನಿರ್ಮಿಸಿದವರು ಯಾರು, ನಮ್ಮ ವಿವರಗಳನ್ನು ಯಾರೊಡನೆ ಹಂಚಿಕೊಳ್ಳುವರು ಎಂಬುದನ್ನು ಬಲ್ಲವರಿಂದ ಕೇಳಿ ತಿಳಿಯುವುದು ಕ್ಷೇಮ. ಇದಾವುದೂ ಬೇಡವೆನಿಸಿದರೆ ಎರಡು ರೂಲು ಎಳೆದ ನೋಟುಪುಸ್ತಕದಲ್ಲಿ ಬರೆದು, ಆ ಪುಟದ ಚಿತ್ರವನ್ನು ತೆಗೆದು ವೈದ್ಯರಿಗೆ ಕಳುಹಿಸಿದರೂ ಆದೀತು.

ನಮ್ಮ ಕರ್ತವ್ಯ

ಫೋನುಗಳು ಇಂದು ಹಳ್ಳಿಹಳ್ಳಿಗೂ ತಲುಪಿವೆ. ಕೊರತೆಯಿರುವುದು ಬೇರೆಡೆ. ಅಳೆಯುವ ಪಟ್ಟಿಗಳಿಗೆ ಮೇಲಿಂದ ಮೇಲೆ ಹಣ ಬೇಕು. ಬಡವರಾದ ಹಿರಿಯರು ಅವನ್ನು ಕೊಳ್ಳಲಾರರು. ಆ್ಯಪ್‌ಗಳ ಸಣ್ಣ ಅಕ್ಷರಗಳನ್ನು, ಅದರಲ್ಲಿಯೂ ಇಂಗ್ಲಿಷಿನಲ್ಲಿದ್ದರೆ, ಅವರು ಓದಲಾರರು. ಈ ಎರಡು ಕೊರತೆಗಳನ್ನು ನೀಗಿಸುವುದು ನಮ್ಮ ಸಂಸ್ಥೆಗೆ ಅಸಾಧ್ಯವೇನಲ್ಲವೆಂದು ನನ್ನ ನಮ್ರ ಅಭಿಪ್ರಾಯ. ಒಂಬತ್ತನೆಯ ಹತ್ತನೆಯ ತರಗತಿಗಳ ವಿದ್ಯಾರ್ಥಿಗಳು ವಾರಕ್ಕೊಂದು ಗಂಟೆ ತಮ್ಮ ಮನೆಯ, ಕೇರಿಯ ಹಿರಿಯರ ಪಕ್ಕದಲ್ಲಿ ಕುಳಿತು ಅಂಕಿಗಳನ್ನು ಕನ್ನಡದಲ್ಲಿ ಬರೆದುಕೊಡಲಿ. ಅಕ್ಷರವನ್ನು ಕಲಿತವರು ಕಲಿಯದವರಿಗೆ ಸಲ್ಲಿಸಬೇಕಾದ ಋಣವಿದು. ವೈದ್ಯರಾಗಿ ನಾಡಿನ ಹಲವೆಡೆ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ತಿಂಗಳಿಗೆ ಒಂದು ಸಂಜೆಯನ್ನು ಈ ಲೆಕ್ಕಗಳನ್ನು ಓದುವುದಕ್ಕೆ ಮೀಸಲಿಡಲಿ. ಕಟ್ಟಡಗಳಿಗೂ ದಾಸೋಹಕ್ಕೂ ಉದಾರವಾಗಿ ನೀಡುತ್ತ ಬಂದಿರುವ ದಾನಿಗಳು ಇನ್ನು ಮುಂದೆ ಕೆಲವು ಪೆಟ್ಟಿಗೆ ಪರೀಕ್ಷಾಪಟ್ಟಿಗಳನ್ನೂ ದಾನದ ಪಟ್ಟಿಯಲ್ಲಿ ಸೇರಿಸಲಿ. ದಾಸೋಹದ ಪಂಕ್ತಿಯಲ್ಲಿ ಕುಳಿತ ಮಧುಮೇಹಿಯು ಪಾಯಸವನ್ನು ಬೇಡವೆಂದರೆ ಬಡಿಸುವವರು ಒತ್ತಾಯಿಸದಿರುವುದೂ ಒಂದು ದೊಡ್ಡ ದಾನವೇ.

ಊಟ ಬಲ್ಲವನಿಗೆ ರೋಗವಿಲ್ಲವೆಂದು ನಮ್ಮ ಗಾದೆ ಹೇಳುತ್ತದೆ. ರೋಗವು ಬಂದ ಮೇಲೂ ಬಲ್ಲವನಾಗಬಹುದು ಎಂದು ಅದಕ್ಕೆ ಒಂದು ಮಾತನ್ನು ಸೇರಿಸುವ ಧೈರ್ಯ ನನಗೆ ಈ ಮೂರು ವರ್ಷಗಳಲ್ಲಿ ಬಂದಿದೆ. ನನಗೆ ಬೆಲ್ಲ ತಂದುಕೊಟ್ಟ ಆ ಬಾಲಕನು ಈಗ ಕಾಲೇಜಿನಲ್ಲಿ ಓದುತ್ತಿದ್ದಾನೆ. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ನನ್ನ ಮನೆಗೆ ಬಂದು, “ಎಲ್ಲಿ ಗುರುಗಳೇ, ಲೆಕ್ಕ ತೋರಿಸಿ” ಎಂದು ಕೈ ನೀಡುತ್ತಾನೆ. ಹಿಂದೆ ಅವನ ಕಾಪಿ ಪುಸ್ತಕಕ್ಕೆ ನಾನು ಕೈ ನೀಡುತ್ತಿದ್ದೆ. ಈಗ ಅವನಿಗೆ ನಾನು ಫೋನನ್ನು ಒಪ್ಪಿಸುತ್ತೇನೆ. ಅವನು ಓದಿ ಮುಗಿಸುವವರೆಗೆ ನನಗೆ ಸ್ವಲ್ಪ ಅಳುಕಿರುತ್ತದೆ. ಆ ಅಳುಕೇ ನನ್ನನ್ನು ಕಾಯುತ್ತಿದೆ.